ವಿಹಾರ ಹಡಗಿನ ಪ್ರಯಾಣಿಕರ ಹಕ್ಕು ಮತ್ತು ಪರಿಹಾರ: ಮನೆಯವರು ತಿಳಿದಿರಬೇಕಾದ ವಿಷಯಗಳು

ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ವಿಹಾರ ಹಡಗುಗಳು ಬರುತ್ತವೆ. ಪ್ರವಾಸಿಗರು ಬಸ್ಸು ಹತ್ತಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡಿಕೊಂಡು ಹಡಗಿಗೆ ಹಿಂತಿರುಗುತ್ತಾರೆ. ಹಿಂದೆ ನಮ್ಮ ಕರಾವಳಿಯವರಿಗೆ ಇಂತಹ ಹಡಗೆಂದರೆ ಕೆಲಸದ ಜಾಗ ಮಾತ್ರ ಆಗಿತ್ತು. 'ಮಗ ಹಡಗಿನಲ್ಲಿದ್ದಾನೆ' ಎಂದರೆ ಅಡುಗೆಮನೆಯಲ್ಲೋ, ಊಟದ ಹಾಲ್‌ನಲ್ಲೋ, ಎಂಜಿನ್ ಕೋಣೆಯಲ್ಲೋ ದುಡಿಯುತ್ತಿದ್ದಾನೆ ಎಂದೇ ಅರ್ಥ. ಈಗ ಕಾಲ ಬದಲಾಗಿದೆ. ಪರದೇಶದಲ್ಲಿರುವ ಮಕ್ಕಳು ತಂದೆ ತಾಯಿಯ ವಿವಾಹದ ಬೆಳ್ಳಿ ಹಬ್ಬಕ್ಕೋ ಸುವರ್ಣ ಮಹೋತ್ಸವಕ್ಕೋ ಹಡಗಿನ ಟಿಕೆಟ್ ಉಡುಗೊರೆ ಕೊಡುತ್ತಾರೆ. 2021ರಿಂದ ಮುಂಬೈಯನ್ನು ನೆಲೆಯಾಗಿಸಿಕೊಂಡು ಗೋವಾ, ಕೊಚ್ಚಿ ಕಡೆಗೆ ಹೋಗುವ ವಿಹಾರ ಹಡಗೂ ಇದೆ. ಹಾಗಾಗಿ ನಮ್ಮ ಧರ್ಮಕೇಂದ್ರಗಳ ಕುಟುಂಬಗಳು ಇಂದು ಹಡಗಿನ ನೌಕರರೂ ಹೌದು, ಪ್ರಯಾಣಿಕರೂ ಹೌದು.

ಹೆಚ್ಚಿನ ಪ್ರಯಾಣಗಳು ಸುಖವಾಗಿಯೇ ಮುಗಿಯುತ್ತವೆ. ಆದರೆ ಒಂದು ವೇಳೆ ಅವಘಡವಾದರೆ, ಗಾಯವಾದರೆ, ಸಾವು ಸಂಭವಿಸಿದರೆ ಪರಿಹಾರ ಕೇಳುವ ಹಕ್ಕು ಯಾರಿಗಿದೆ? ಎಲ್ಲಿ ಕೇಳಬೇಕು? ಎಷ್ಟು ದಿನದೊಳಗೆ ಕೇಳಬೇಕು? ಬಸ್ಸು ಅಪಘಾತವಾದರೆ ಏನು ಮಾಡಬೇಕೆಂದು ನಮ್ಮವರಿಗೆ ಸುಮಾರಾಗಿ ಗೊತ್ತು. ಪೊಲೀಸ್ ದೂರು, ಮೋಟಾರು ಅಪಘಾತ ನ್ಯಾಯಮಂಡಳಿ, ವಕೀಲರು. ಹಡಗಿನ ವಿಷಯದಲ್ಲಿ ಹಾಗಲ್ಲ. ಹಡಗು ಒಂದು ದೇಶದ್ದು, ಅದರ ಧ್ವಜ ಇನ್ನೊಂದು ದೇಶದ್ದು, ಕಂಪೆನಿಯ ಕಚೇರಿ ಮತ್ತೊಂದು ದೇಶದಲ್ಲಿ, ಅವಘಡವಾದದ್ದು ಯಾರದೂ ಅಲ್ಲದ ನಡುಗಡಲಿನಲ್ಲಿ. ಹಕ್ಕು ಇದೆ, ಆದರೆ ಅದಕ್ಕೊಂದು ಜಾಗ ಮತ್ತು ಒಂದು ತಾರೀಕು ಅಂಟಿಕೊಂಡಿದೆ. ಆ ಎರಡನ್ನು ತಿಳಿಯದೆ ಹೋದರೆ ಹಕ್ಕು ಕೈತಪ್ಪುತ್ತದೆ. ದುಃಖದ ಮನೆಯಲ್ಲಿ ಕ್ಯಾಲೆಂಡರ್ ನೋಡುವವರು ಯಾರೂ ಇರುವುದಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಕೋಸ್ಟಾ ಕಾಂಕಾರ್ಡಿಯಾ: ಎಲ್ಲರೂ ನೆನಪಿಡಬೇಕಾದ ದುರಂತ

2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೋ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ವಿಹಾರ ಹಡಗು ಬಂಡೆಗೆ ಬಡಿದು ಮಗುಚಿತು. ಹಡಗಿನಲ್ಲಿ ಪ್ರಯಾಣಿಕರು ಮತ್ತು ನೌಕರರು ಸೇರಿ 4,229 ಮಂದಿ ಇದ್ದರು. 32 ಮಂದಿ ಸತ್ತರು. ಹಡಗು ಬಿಟ್ಟು ಹೊರಡಲು ಅಪ್ಪಣೆ ಬಂದದ್ದು ಬಡಿದು ಒಂದು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ. ಅಂದು ಸಂಜೆಯಷ್ಟೇ ಹಡಗು ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಜೀವರಕ್ಷಣೆಯ ಕವಾಯತು ಇನ್ನೂ ಆಗಿರಲಿಲ್ಲ. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಈ ಕವಾಯತು ನಡೆಸಲೇಬೇಕೆಂಬ ಅಂತರರಾಷ್ಟ್ರೀಯ ನಿಯಮ 2015ರ ಜನವರಿ 1ರಿಂದ ಜಾರಿಗೆ ಬಂತು. ಹಡಗಿನ ಕಪ್ತಾನನಿಗೆ 2015ರಲ್ಲಿ 16 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. 2017ರಲ್ಲಿ ಇಟಲಿಯ ಅತ್ಯುನ್ನತ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಗಾಯವಾಗದೆ ಪಾರಾದ ಪ್ರಯಾಣಿಕರಿಗೆ ಕಂಪೆನಿ ಎರಡೇ ವಾರಗಳಲ್ಲಿ ತಲಾ 11,000 ಯೂರೋ ಕೊಡಲು ಮುಂದಾಯಿತು. ಟಿಕೆಟಿನ ಹಣ ಮತ್ತು ಪ್ರಯಾಣದ ಖರ್ಚು ಬೇರೆ. ಇಟಲಿಯ ಗ್ರಾಹಕ ಸಂಘಗಳ ಜೊತೆ ಮಾತುಕತೆ ನಡೆಸಿ ನಿರ್ಧರಿಸಿದ ಮೊತ್ತ ಅದು. ಬಹಳ ಮಂದಿ ಒಪ್ಪಿಕೊಂಡರು. ಒಪ್ಪದವರು ಬೇರೆ ಬೇರೆ ನ್ಯಾಯಾಲಯಗಳಿಗೆ ಹೋದರು. ಕೆಲವರು ಕಂಪೆನಿಯ ಮಾತೃಸಂಸ್ಥೆ ಅಮೆರಿಕದಲ್ಲಿದೆ ಎಂದು ಅಲ್ಲಿ ದಾವೆ ಹೂಡಿದರು. ಅಲ್ಲಿ ವರ್ಷಗಟ್ಟಲೆ ವಾದ ನಡೆದದ್ದು ತಪ್ಪು ಯಾರದು ಎಂಬುದರ ಮೇಲಲ್ಲ, ಈ ದಾವೆ ಅಮೆರಿಕದಲ್ಲಿ ನಡೆಯಬೇಕೋ ಇಟಲಿಯಲ್ಲೋ ಎಂಬುದರ ಮೇಲೆ.

ಆ ಹಡಗಿನಲ್ಲಿ ಸುಮಾರು 200 ಭಾರತೀಯ ನೌಕರರಿದ್ದರು. ಕೊನೆಯವರೆಗೂ ಪತ್ತೆಯಾಗದೆ ಉಳಿದವರು ಮುಂಬೈ ಕಡೆಯ ಒಬ್ಬ ವೇಟರ್. ಅವರ ಅವಶೇಷ ಸಿಕ್ಕಿದ್ದು 2014ರ ನವೆಂಬರಿನಲ್ಲಿ, ಎರಡು ವರ್ಷ ಹತ್ತು ತಿಂಗಳ ನಂತರ. ಈ ಅವಧಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಇದರ ವಿಷಯಕ್ಕೆ ಬರುತ್ತೇವೆ.

ಅಥೆನ್ಸ್ ಒಪ್ಪಂದ ಎಂದರೇನು?

ಸಮುದ್ರ ಪ್ರಯಾಣಿಕರ ಪರಿಹಾರಕ್ಕಾಗಿ ಇರುವ ಮುಖ್ಯ ಅಂತರರಾಷ್ಟ್ರೀಯ ಕಾನೂನು 1974ರ ಅಥೆನ್ಸ್ ಒಪ್ಪಂದ. ಅದಕ್ಕೆ 2002ರಲ್ಲಿ ದೊಡ್ಡ ತಿದ್ದುಪಡಿಯಾಗಿ, ಆ ತಿದ್ದುಪಡಿ 2014ರ ಏಪ್ರಿಲ್ 23ರಂದು ಜಾರಿಗೆ ಬಂತು. ಯುರೋಪಿಯನ್ ಒಕ್ಕೂಟ ಇದೇ ನಿಯಮಗಳನ್ನು 2012ರ ಡಿಸೆಂಬರ್ 31ರಿಂದಲೇ ತನ್ನ ದೇಶಗಳಲ್ಲಿ ಅನ್ವಯಿಸಿತು. ಕೋಸ್ಟಾ ಕಾಂಕಾರ್ಡಿಯಾ ಮುಳುಗಿದ್ದು ಅದಕ್ಕೆ ಒಂದು ವರ್ಷಕ್ಕೂ ಸ್ವಲ್ಪ ಕಡಿಮೆ ಅವಧಿಯ ಮೊದಲು.

ಈ ಒಪ್ಪಂದದಲ್ಲಿ ಹಣವನ್ನು 'ಎಸ್‌ಡಿಆರ್' ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಅದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ದರ ದಿನದಿನಕ್ಕೆ ಬದಲಾಗುತ್ತದೆ. ಈಚಿನ ವರ್ಷಗಳಲ್ಲಿ ಒಂದು ಎಸ್‌ಡಿಆರ್ ನೂರು ರೂಪಾಯಿಗಿಂತ ಮೇಲೆಯೇ ಇದೆ. ಮುಖ್ಯ ಅಂಶಗಳು ಹೀಗಿವೆ:

1. ಹಡಗು ಮುಳುಗಿದರೆ, ಮಗುಚಿದರೆ, ಡಿಕ್ಕಿಯಾದರೆ, ನೆಲಕ್ಕೆ ತಗುಲಿದರೆ, ಹಡಗಿನಲ್ಲಿ ಬೆಂಕಿ ಅಥವಾ ಸ್ಫೋಟವಾದರೆ, ಇಲ್ಲವೇ ಹಡಗಿನಲ್ಲೇ ದೋಷವಿದ್ದರೆ ಅದನ್ನು 'ನೌಕಾ ಅವಘಡ' ಎನ್ನುತ್ತಾರೆ. ಇಂತಹ ಸಂದರ್ಭದಲ್ಲಿ ಸಾವಿಗೆ ಅಥವಾ ಗಾಯಕ್ಕೆ ಪ್ರತಿ ಪ್ರಯಾಣಿಕರಿಗೆ 2,50,000 ಎಸ್‌ಡಿಆರ್‌ವರೆಗೆ ಕಂಪೆನಿಯೇ ಹೊಣೆ. ಕಂಪೆನಿಯ ತಪ್ಪನ್ನು ಪ್ರಯಾಣಿಕರು ರುಜುವಾತು ಮಾಡಬೇಕಾಗಿಲ್ಲ. ನಮ್ಮ ಲೆಕ್ಕದಲ್ಲಿ ಇದು ಎರಡೂವರೆ ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತ. ಯುದ್ಧ ಅಥವಾ ಅಸಾಧಾರಣ ಪ್ರಕೃತಿ ವಿಕೋಪದಂತಹ ಕೆಲವೇ ಕಾರಣಗಳಿಗೆ ವಿನಾಯಿತಿ ಇದೆ.

2. ನಷ್ಟ ಅದಕ್ಕಿಂತ ಹೆಚ್ಚಾಗಿದ್ದರೆ 4,00,000 ಎಸ್‌ಡಿಆರ್‌ವರೆಗೆ ಕೇಳಬಹುದು. ತನ್ನ ತಪ್ಪಿಲ್ಲ ಎಂದು ಕಂಪೆನಿ ತೋರಿಸಿಕೊಟ್ಟರೆ ಮಾತ್ರ ಈ ಹೆಚ್ಚಿನ ಭಾಗದಿಂದ ಅದು ಪಾರಾಗುತ್ತದೆ.

3. ಮೆಟ್ಟಿಲಲ್ಲಿ ಜಾರಿ ಬಿದ್ದದ್ದು, ಊಟದಿಂದ ಹೊಟ್ಟೆ ಕೆಟ್ಟದ್ದು, ಈಜುಕೊಳದಲ್ಲಿ ಗಾಯವಾದದ್ದು 'ನೌಕಾ ಅವಘಡ' ಅಲ್ಲ. ಇಲ್ಲಿ ಕಂಪೆನಿಯ ಅಥವಾ ಅದರ ನೌಕರರ ಅಜಾಗರೂಕತೆಯನ್ನು ಪ್ರಯಾಣಿಕರೇ ರುಜುವಾತು ಮಾಡಬೇಕು. ದೊಡ್ಡ ದುರಂತಕ್ಕಿಂತ ಹೆಚ್ಚಾಗಿ ನಡೆಯುವುದು ಇಂತಹವೇ. ಆದ್ದರಿಂದ ಫೋಟೋ, ಸಾಕ್ಷಿ, ವೈದ್ಯರ ಚೀಟಿಗಳಿಗೆ ಇಷ್ಟು ಬೆಲೆ.

4. ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯಲು ಪರವಾನಿಗೆ ಇರುವ ಹಡಗಿಗೆ ವಿಮೆ ಕಡ್ಡಾಯ. ವಿಮಾ ಕಂಪೆನಿಯ ಮೇಲೆಯೇ ನೇರವಾಗಿ ದಾವೆ ಹೂಡಬಹುದು. ಹಡಗು ಕಂಪೆನಿ ದಿವಾಳಿಯಾದರೂ ಕುಟುಂಬ ಬರಿಗೈಯಲ್ಲಿ ನಿಲ್ಲಬಾರದೆಂಬುದು ಇದರ ಉದ್ದೇಶ.

5. ಕೋಣೆಯಲ್ಲಿಟ್ಟ ಸಾಮಾನಿಗೆ 2,250 ಎಸ್‌ಡಿಆರ್‌ವರೆಗೆ ಪರಿಹಾರವಿದೆ. ಆದರೆ ಚಿನ್ನ, ಹಣ, ಒಡವೆಗಳನ್ನು ಹಡಗಿನ ಕಚೇರಿಯಲ್ಲಿ ಜೋಪಾನಕ್ಕೆ ಕೊಟ್ಟಿಲ್ಲದಿದ್ದರೆ ಕಂಪೆನಿ ಹೊಣೆಯಲ್ಲ. ಕರಿಮಣಿ, ಬಳೆ ಹಾಕಿಕೊಂಡೇ ಪ್ರವಾಸ ಹೊರಡುವ ನಮ್ಮ ತಾಯಂದಿರು ಇದನ್ನು ಗಮನಿಸಬೇಕು. ಸಾಮಾನು ಕೆಟ್ಟದ್ದು ಕಣ್ಣಿಗೆ ಕಾಣುವಂತಿದ್ದರೆ ಇಳಿಯುವಾಗಲೇ ಬರವಣಿಗೆಯಲ್ಲಿ ತಿಳಿಸಬೇಕು. ಕಾಣದಂತಿದ್ದರೆ ಅಥವಾ ಸಾಮಾನು ಕಳೆದುಹೋಗಿದ್ದರೆ 15 ದಿನಗಳೊಳಗೆ.

6. ದಾವೆ ಹೂಡಲು ಎರಡು ವರ್ಷಗಳ ಗಡುವು. ಗಾಯವಾದವರಿಗೆ ಹಡಗಿನಿಂದ ಇಳಿದ ದಿನದಿಂದ, ಹಡಗಿನಲ್ಲೇ ಮರಣ ಹೊಂದಿದವರ ವಿಷಯದಲ್ಲಿ ಅವರು ಇಳಿಯಬೇಕಾಗಿದ್ದ ದಿನದಿಂದ ಲೆಕ್ಕ.

ಯುರೋಪಿನ ನಿಯಮದಲ್ಲಿ ಇನ್ನೊಂದು ಸೌಲಭ್ಯವಿದೆ. ನೌಕಾ ಅವಘಡದಲ್ಲಿ ಸಾವು ಅಥವಾ ಗಾಯವಾದರೆ, ಹಣ ಪಡೆಯಬೇಕಾದವರು ಯಾರೆಂದು ಗೊತ್ತಾದ 15 ದಿನಗಳೊಳಗೆ ಕಂಪೆನಿ ತುರ್ತು ಖರ್ಚಿಗೆ ಮುಂಗಡ ಕೊಡಬೇಕು. ಸಾವಿನ ಸಂದರ್ಭದಲ್ಲಿ ಅದು 21,000 ಯೂರೋಗಿಂತ ಕಡಿಮೆಯಿರಬಾರದು. ಮುಂಗಡ ಪಡೆದ ಮಾತ್ರಕ್ಕೆ ಉಳಿದ ಪರಿಹಾರದ ಹಕ್ಕು ಹೋಗುವುದಿಲ್ಲ.

ಅಥೆನ್ಸ್ ನಿಯಮ ಅನ್ವಯವಾಗಲು ಪ್ರಯಾಣಿಕರು ಯಾವ ದೇಶದವರು ಎಂಬುದು ಮುಖ್ಯವಲ್ಲ. ಅಂತರರಾಷ್ಟ್ರೀಯ ಪ್ರಯಾಣವಾಗಿದ್ದು, ಹಡಗಿನ ಧ್ವಜ ಒಪ್ಪಂದಕ್ಕೆ ಸೇರಿದ ದೇಶದ್ದಾಗಿರಬೇಕು. ಇಲ್ಲವೇ ಟಿಕೆಟಿನ ಕರಾರು ಅಂತಹ ದೇಶದಲ್ಲಿ ಆಗಿರಬೇಕು. ಇಲ್ಲವೇ ಹೊರಡುವ ಅಥವಾ ತಲಪುವ ಬಂದರು ಅಲ್ಲಿರಬೇಕು. ಮಂಗಳೂರಿನ ದಂಪತಿ ಇಟಲಿಯ ಬಂದರಿನಲ್ಲಿ ಹಡಗು ಹತ್ತಿ ಗ್ರೀಸಿಗೆ ಹೋದರೆ ಅವರಿಗೂ ಇಟಲಿಯವರಿಗೂ ಹಕ್ಕು ಒಂದೇ. ಒಪ್ಪಂದ ಕೊಟ್ಟ ಹಕ್ಕನ್ನು ಮೊಟಕು ಮಾಡುವ ಷರತ್ತನ್ನು ಟಿಕೆಟಿನಲ್ಲಿ ಮುಂಚಿತವಾಗಿ ಬರೆದಿದ್ದರೂ ಅದು ಊರ್ಜಿತವಲ್ಲ.

ಅಮೆರಿಕದ ಕಂಪೆನಿಗಳ ಟಿಕೆಟು: ಸಣ್ಣ ಅಕ್ಷರದಲ್ಲಿ ದೊಡ್ಡ ವಿಷಯ

ಅಮೆರಿಕ ಅಥೆನ್ಸ್ ಒಪ್ಪಂದಕ್ಕೆ ಸೇರಿಲ್ಲ. ಜಗತ್ತಿನ ದೊಡ್ಡ ವಿಹಾರ ಹಡಗು ಕಂಪೆನಿಗಳಲ್ಲಿ ಹಲವು ಫ್ಲೋರಿಡಾ ರಾಜ್ಯದಿಂದ ವ್ಯವಹಾರ ನಡೆಸುತ್ತವೆ. ಅಮೆರಿಕದಿಂದ ಹೊರಡುವ ಹಡಗಿನ ಟಿಕೆಟಿನಲ್ಲಿ ಸಾಮಾನ್ಯವಾಗಿ ಮೂರು ಷರತ್ತುಗಳಿರುತ್ತವೆ. ಗಾಯ ಅಥವಾ ಸಾವಿನ ಬಗ್ಗೆ ಆರು ತಿಂಗಳೊಳಗೆ ಕಂಪೆನಿಗೆ ಲಿಖಿತ ಸೂಚನೆ ಕೊಡಬೇಕು. ಒಂದು ವರ್ಷದೊಳಗೆ ದಾವೆ ಹೂಡಬೇಕು. ದಾವೆಯನ್ನು ಕಂಪೆನಿ ಹೆಸರಿಸಿದ ಊರಿನ ನ್ಯಾಯಾಲಯದಲ್ಲೇ ಹೂಡಬೇಕು. ಇದಕ್ಕಿಂತ ಕಡಿಮೆ ಅವಧಿ ಹಾಕಲು ಅಮೆರಿಕದ ಕಾನೂನು ಬಿಡುವುದಿಲ್ಲ, ಆದರೆ ಇಷ್ಟು ಕಡಿಮೆ ಹಾಕಲು ಬಿಡುತ್ತದೆ.

ಈ ಮೂರನೆಯ ಷರತ್ತು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವಾಷಿಂಗ್ಟನ್ ರಾಜ್ಯದ ದಂಪತಿ ಕಾರ್ನಿವಲ್ ಕ್ರೂಸ್ ಲೈನ್ಸ್ ಕಂಪೆನಿಯ ಹಡಗಿನಲ್ಲಿ ಹೋಗಿದ್ದಾಗ, ಅಡುಗೆಮನೆ ನೋಡುವ ಸಂದರ್ಭದಲ್ಲಿ ಪತ್ನಿ ಜಾರಿ ಬಿದ್ದು ಗಾಯಗೊಂಡರು. ದೇಶದ ಇನ್ನೊಂದು ತುದಿಯಲ್ಲಿರುವ ಫ್ಲೋರಿಡಾಕ್ಕೆ ಹೋಗಿ ದಾವೆ ನಡೆಸುವುದು ತಮ್ಮಿಂದಾಗದು, ಆ ಷರತ್ತಿನ ಬಗ್ಗೆ ಯಾರೂ ತಮ್ಮೊಡನೆ ಚರ್ಚಿಸಿರಲಿಲ್ಲ ಎಂದು ಅವರು ವಾದಿಸಿದರು. 1991ರಲ್ಲಿ ಬಂದ ತೀರ್ಪು ಕಂಪೆನಿಯ ಪರವಾಗಿತ್ತು. ಟಿಕೆಟಿನ ಮೇಲೆ ಅಚ್ಚಾದ ಷರತ್ತು ಪ್ರಯಾಣಿಕರನ್ನು ಕಟ್ಟಿಹಾಕುತ್ತದೆ ಎಂಬುದು ಅಂದಿನಿಂದ ಗಟ್ಟಿಯಾಯಿತು.

ಸಾವಿನ ವಿಷಯದಲ್ಲಿ ಅಮೆರಿಕದ ಕಾನೂನು ಇನ್ನಷ್ಟು ಕಠಿಣ. 1920ರ ಒಂದು ಕಾಯಿದೆಯ ಪ್ರಕಾರ, ತೀರದಿಂದ ಮೂರು ನಾಟಿಕಲ್ ಮೈಲಿಗಿಂತ ಆಚೆ ಸಾವು ಸಂಭವಿಸಿದರೆ ಕುಟುಂಬಕ್ಕೆ ಹಣದ ನಷ್ಟ ಮಾತ್ರ ಸಿಗುತ್ತದೆ. ಅಂದರೆ ಸತ್ತವರು ಬದುಕಿದ್ದರೆ ಕುಟುಂಬಕ್ಕೆ ಬರುತ್ತಿದ್ದ ಆದಾಯ, ಆಸರೆಯ ಬೆಲೆ. ದುಃಖಕ್ಕೆ, ಅಗಲಿಕೆಗೆ ಬೆಲೆ ಇಲ್ಲ. ದುಡಿಯುವ ವಯಸ್ಸಿನ ತಂದೆ ಸತ್ತರೆ ಲೆಕ್ಕ ಒಂದು. ನಿವೃತ್ತರಾದ ಅಜ್ಜಿ ಅಥವಾ ಶಾಲೆಗೆ ಹೋಗುವ ಮಗು ಸತ್ತರೆ ಲೆಕ್ಕದಲ್ಲಿ ಉಳಿಯುವುದು ಬಹಳ ಕಡಿಮೆ. ವಾಣಿಜ್ಯ ವಿಮಾನ ಅಪಘಾತಗಳಿಗೆ ಈ ಕಾಯಿದೆಯನ್ನು 2000ದಲ್ಲಿ ಸಡಿಲಗೊಳಿಸಿದರು. ಹಡಗಿನ ಪ್ರಯಾಣಿಕರಿಗೆ ಆ ಸಡಿಲಿಕೆ ಸಿಗಲಿಲ್ಲ. ಇದು ನ್ಯಾಯವೇ ಎಂದು ಕೇಳುವ ಹಕ್ಕು ನಮಗಿದೆ. ಆದರೆ ಟಿಕೆಟ್ ತೆಗೆಯುವಾಗ ಇರುವ ಕಾನೂನನ್ನೇ ತಿಳಿದು ತೆಗೆಯಬೇಕು.

ಎಲ್ಲ ತೀರ್ಪುಗಳೂ ಕಂಪೆನಿಗಳ ಪರವಾಗಿಲ್ಲ. ಹಡಗಿನ ವೈದ್ಯರ ಅಥವಾ ದಾದಿಯರ ತಪ್ಪಿಗೆ ಕಂಪೆನಿ ಹೊಣೆಯಲ್ಲ ಎಂಬ ಹಳೆಯ ನಿಲುವನ್ನು ಫ್ಲೋರಿಡಾವನ್ನು ಒಳಗೊಂಡ ಮೇಲ್ಮನವಿ ನ್ಯಾಯಾಲಯ 2014ರಲ್ಲಿ ಬಿಟ್ಟುಕೊಟ್ಟಿತು. ತಲೆಗೆ ಪೆಟ್ಟು ಬಿದ್ದ ವೃದ್ಧ ಪ್ರಯಾಣಿಕರೊಬ್ಬರ ಮಗಳು ಹೂಡಿದ ದಾವೆ ಅದು. ವಯಸ್ಸಾದವರನ್ನು ಪ್ರವಾಸಕ್ಕೆ ಕಳುಹಿಸುವವರಿಗೆ ಇದು ಮುಖ್ಯವಾದ ವಿಷಯ.

ಹಡಗಿನಲ್ಲಿ ಕಾಯಿಲೆ ಹಬ್ಬಿದರೆ

ಕೊರೊನಾ ಕಾಲದಲ್ಲಿ ಈ ಪ್ರಶ್ನೆ ಎಲ್ಲರ ಮುಂದೆ ಬಂತು. 2020ರ ಮಾರ್ಚ್‌ನಲ್ಲಿ ರೂಬಿ ಪ್ರಿನ್ಸೆಸ್ ಎಂಬ ಹಡಗು ಸಿಡ್ನಿಯಿಂದ ಹೊರಟು ನ್ಯೂಜಿಲೆಂಡಿಗೆ ಹೋಗಿ ಮರಳಿತು. ಸುಮಾರು 2,600 ಪ್ರಯಾಣಿಕರಲ್ಲಿ ನೂರಾರು ಮಂದಿಗೆ ಸೋಂಕು ತಗುಲಿತು. 28 ಸಾವುಗಳು ಆ ಪ್ರಯಾಣದೊಂದಿಗೆ ತಳಕು ಹಾಕಿಕೊಂಡವು. ಪತಿಯೊಂದಿಗೆ ಪ್ರಯಾಣಿಸಿದ್ದ ಒಬ್ಬ ನಿವೃತ್ತ ದಾದಿ ಎಲ್ಲ ಪ್ರಯಾಣಿಕರ ಪರವಾಗಿ ಸಾಮೂಹಿಕ ದಾವೆ ಹೂಡಿದರು. 2023ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದ ಫೆಡರಲ್ ನ್ಯಾಯಾಲಯ ಕಂಪೆನಿ ಅಜಾಗರೂಕತೆ ತೋರಿದೆ ಎಂದು ತೀರ್ಪು ಕೊಟ್ಟಿತು. ಆದರೆ ಆ ಮಹಿಳೆಗೆ ಸಿಕ್ಕಿದ್ದು ವೈದ್ಯಕೀಯ ಖರ್ಚಿನ ಸುಮಾರು 4,400 ಆಸ್ಟ್ರೇಲಿಯನ್ ಡಾಲರ್ ಮತ್ತು ಬಡ್ಡಿ. ಅವರ ಸ್ವಂತ ಕಾಯಿಲೆಯ ತೀವ್ರತೆ ಕಾನೂನು ಹಾಕಿದ ಕನಿಷ್ಠ ಮಟ್ಟವನ್ನು ಮುಟ್ಟಲಿಲ್ಲ ಎಂಬುದು ಕಾರಣ.

ಅದೇ ಪ್ರಕರಣದಲ್ಲಿ ಅಮೆರಿಕದ ಷರತ್ತುಗಳಿದ್ದ ಟಿಕೆಟಿನ ಸುಮಾರು 700 ಪ್ರಯಾಣಿಕರು ಸಾಮೂಹಿಕ ದಾವೆಗೆ ಸೇರುವಂತಿಲ್ಲ ಎಂದು ಕಂಪೆನಿ ವಾದಿಸಿತ್ತು. 2023ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಹೈಕೋರ್ಟ್ (ಅಲ್ಲಿನ ಅತ್ಯುನ್ನತ ನ್ಯಾಯಾಲಯ) ಆ ಷರತ್ತು ಅನ್ಯಾಯವಾದುದು, ಊರ್ಜಿತವಲ್ಲ ಎಂದಿತು. ಒಂದೇ ಹಡಗು, ಒಂದೇ ಕಾಯಿಲೆ, ಆದರೆ ಟಿಕೆಟು ಎಲ್ಲಿ ತೆಗೆದದ್ದು ಎಂಬುದರಿಂದ ಮೂರು ವರ್ಷಗಳ ಹೆಚ್ಚಿನ ಹೋರಾಟ.

ಭಾರತದಲ್ಲಿ ಏನು ದಾರಿ?

ಮೊದಲನೆಯದು ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಉಡುಪಿಯವರು ಉಡುಪಿಯಲ್ಲಿ, ಮಂಗಳೂರಿನವರು ಮಂಗಳೂರಿನಲ್ಲಿ. ಗಡುವು ಎರಡು ವರ್ಷ. ಕೊಟ್ಟ ಹಣ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗಕ್ಕೆ ಹೋಗಬೇಕು. ಹೇಳಿದ ಕೋಣೆ ಕೊಡದಿದ್ದರೆ, ಪ್ರಯಾಣ ರದ್ದಾಗಿಯೂ ಹಣ ಮರಳಿಸದಿದ್ದರೆ, ಏಜೆಂಟರು ಸುಳ್ಳು ಹೇಳಿ ಟಿಕೆಟು ಮಾರಿದ್ದರೆ ಇದು ಸುಲಭದ ದಾರಿ. ಟಿಕೆಟು ಮಾರಿದ ಊರಿನ ಏಜೆಂಟರನ್ನೂ ದೂರಿನಲ್ಲಿ ಸೇರಿಸಬಹುದು. ಆದರೆ ಹಡಗು ಒಂದು ಬಂದರನ್ನು ಬಿಟ್ಟು ಮುಂದೆ ಹೋದ ಮಾತ್ರಕ್ಕೆ ಹಣ ಸಿಗುತ್ತದೆಂದು ಭಾವಿಸಬಾರದು. ಹವಾಮಾನ ಅಥವಾ ಸುರಕ್ಷತೆಯ ಕಾರಣಕ್ಕೆ ಮಾರ್ಗ ಬದಲಿಸುವ ಅಧಿಕಾರವನ್ನು ಟಿಕೆಟಿನ ಷರತ್ತುಗಳು ಸಾಮಾನ್ಯವಾಗಿ ಕಪ್ತಾನನಿಗೆ ಕೊಟ್ಟಿರುತ್ತವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದು.

ಎರಡನೆಯದು ಹೈಕೋರ್ಟ್. 2017ರ ನೌಕಾ ನ್ಯಾಯಾಧಿಕಾರ ಕಾಯಿದೆ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ಅಧಿಕಾರವಿರುವ ಹೈಕೋರ್ಟ್‌ಗಳಲ್ಲಿ ಕರ್ನಾಟಕ ಹೈಕೋರ್ಟೂ ಒಂದು. ಹಡಗಿನ ಕಾರ್ಯಾಚರಣೆಯಿಂದ ಉಂಟಾದ ಸಾವು, ಗಾಯ, ಪ್ರಯಾಣದ ಕರಾರು, ನೌಕರರ ವೇತನ ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಆ ಹಡಗು, ಅಥವಾ ಹೊಣೆಗಾರರದೇ ಇನ್ನೊಂದು ಹಡಗು, ನಮ್ಮ ಬಂದರಿನಲ್ಲಿದ್ದರೆ ಭದ್ರತೆಗಾಗಿ ಅದನ್ನು ತಡೆಹಿಡಿಯುವಂತೆ ನ್ಯಾಯಾಲಯವನ್ನು ಕೇಳಬಹುದು. ಸಾವು ಮತ್ತು ಗಾಯದ ಹಕ್ಕುಗಳಿಗೆ ಹಡಗಿನ ಮೇಲೆ ಆದ್ಯತೆಯ ಋಣಭಾರವಿದೆ. ಅದು ಒಂದು ವರ್ಷದಲ್ಲಿ ಕೊನೆಗೊಳ್ಳುತ್ತದೆ. ವೇತನಕ್ಕೆ ಎರಡು ವರ್ಷ. ಇದು ಅನುಭವವಿರುವ ವಕೀಲರ ಕೆಲಸ.

ಕಾನೂನು ನೆರವಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. 1987ರ ಕಾಯಿದೆಯ ಪ್ರಕಾರ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಗಂಡನನ್ನು ಕಳೆದುಕೊಂಡ ಹೆಂಡತಿಗೆ, ತಂದೆಯನ್ನು ಕಳೆದುಕೊಂಡ ಮಕ್ಕಳಿಗೆ ಇದು ದೊಡ್ಡ ಆಸರೆ. ಸಹಾಯವಾಣಿ ಸಂಖ್ಯೆ 15100.

ಶವ ಸಿಗದಿದ್ದರೆ ಏಳು ವರ್ಷ ಕಾಯಬೇಕೇ?

ಕಡಲ ತೀರದವರಾದ ನಮ್ಮಲ್ಲಿ ಒಂದು ಮಾತು ಬೇರೂರಿದೆ: 'ಕಡಲಲ್ಲಿ ಕಾಣೆಯಾದವರು ಸತ್ತರೆಂದು ಹೇಳಲು ಏಳು ವರ್ಷ ಕಾಯಬೇಕು.' ಏಳು ವರ್ಷ ಸುದ್ದಿಯೇ ಇಲ್ಲದವರನ್ನು ಮೃತರೆಂದು ಭಾವಿಸಬಹುದೆಂದು ನಮ್ಮ ಸಾಕ್ಷ್ಯ ಕಾನೂನು ಹೇಳುವುದು ನಿಜ. ಆದರೆ ಸಾವನ್ನು ಬೇರೆ ಸಾಕ್ಷ್ಯದಿಂದ ಮೊದಲೇ ರುಜುವಾತು ಮಾಡಬಾರದೆಂದು ಅದು ಹೇಳುವುದಿಲ್ಲ. ಹಡಗು ಮುಳುಗಿದ್ದು, ಪಟ್ಟಿಯಲ್ಲಿ ಹೆಸರಿರುವುದು, ಜೊತೆಗಿದ್ದವರ ಹೇಳಿಕೆ, ಅಲ್ಲಿನ ಅಧಿಕಾರಿಗಳ ತನಿಖಾ ವರದಿ ಇವೆಲ್ಲ ಸಾಕ್ಷ್ಯವೇ.

ಇಲ್ಲಿ ಎಚ್ಚರ ಬೇಕು. ಅಥೆನ್ಸ್ ಒಪ್ಪಂದದ ಎರಡು ವರ್ಷಗಳ ಗಡುವು ಪ್ರಯಾಣಿಕರು ಇಳಿಯಬೇಕಾಗಿದ್ದ ದಿನದಿಂದಲೇ ಓಡತೊಡಗುತ್ತದೆ. ಅಮೆರಿಕದ ಟಿಕೆಟಿನ ಒಂದು ವರ್ಷ ಅದಕ್ಕಿಂತಲೂ ಬೇಗ ಮುಗಿಯುತ್ತದೆ. ಕೋಸ್ಟಾ ಕಾಂಕಾರ್ಡಿಯಾದ ಕೊನೆಯ ಅವಶೇಷ ಸಿಗಲು ಎರಡು ವರ್ಷ ಹತ್ತು ತಿಂಗಳು ಹಿಡಿಯಿತು ಎಂದು ಮೇಲೆ ಹೇಳಿದೆವು. ಪ್ರಯಾಣಿಕರೊಬ್ಬರ ಮನೆಯವರು ಶವ ಸಿಗಲೆಂದು ಅಷ್ಟು ಕಾಲ ಸುಮ್ಮನೆ ಕಾದಿದ್ದರೆ ಇಂದಿನ ನಿಯಮದಲ್ಲಿ ಗಡುವು ಮೀರಿರುತ್ತಿತ್ತು. 'ಇನ್ನೂ ಬದುಕಿರಬಹುದು, ಈಗಲೇ ಪರಿಹಾರ ಕೇಳುವುದು ಹೇಗೆ' ಎಂದು ತಾಯಿಯ ಮನಸ್ಸು ಹೇಳುತ್ತದೆ. ಆ ಮನಸ್ಸನ್ನು ನಾವು ಗೌರವಿಸಬೇಕು. ದಾವೆ ಹೂಡುವುದೆಂದರೆ ಆಸೆ ಬಿಡುವುದಲ್ಲ, ಬಾಗಿಲು ಮುಚ್ಚದಂತೆ ಕೈ ಅಡ್ಡ ಇಡುವುದು ಎಂದು ಅವರಿಗೆ ಮೆಲ್ಲಗೆ ತಿಳಿಸಿ ಹೇಳುವವರು ಬೇಕು.

ಹಡಗಿನ ನೌಕರರಿಗೆ ಬೇರೆ ಕಾನೂನು

ಮೇಲೆ ಹೇಳಿದ ಅಥೆನ್ಸ್ ನಿಯಮಗಳು ನೌಕರರಿಗೆ ಅನ್ವಯಿಸುವುದಿಲ್ಲ. ಅವರಿಗಿರುವುದು 2006ರ ಸಮುದ್ರ ಕಾರ್ಮಿಕ ಒಪ್ಪಂದ. ಭಾರತ ಇದನ್ನು 2015ರಲ್ಲಿ ಅಂಗೀಕರಿಸಿತು. ಕೆಲಸದ ಗಾಯ, ಕಾಯಿಲೆ, ಸಾವಿಗೆ ಹಡಗಿನ ಒಡೆಯರು ವಿಮೆ ಅಥವಾ ಬೇರೆ ಹಣಕಾಸಿನ ಭದ್ರತೆ ಇಟ್ಟಿರಬೇಕು. ಕರಾರಿನಲ್ಲಿರುವ ಪರಿಹಾರವನ್ನು ಪೂರ್ಣವಾಗಿ, ತಡಮಾಡದೆ ಕೊಡಬೇಕು. ಅದಕ್ಕಿಂತ ಕಡಿಮೆಗೆ ಒಪ್ಪಿಕೊಳ್ಳುವಂತೆ ಒತ್ತಡ ಹೇರಬಾರದೆಂದು ಒಪ್ಪಂದದಲ್ಲೇ ಬರೆದಿದೆ. ಮಗ ಹಡಗಿಗೆ ಹೊರಡುವ ಮೊದಲು ಅವನ ಕರಾರು ಪತ್ರದ ಮತ್ತು ಕೆಲಸಕ್ಕೆ ಸೇರಿಸಿದ ಏಜೆನ್ಸಿಯ ಪರವಾನಿಗೆ ಸಂಖ್ಯೆಯ ಪ್ರತಿ ಮನೆಯಲ್ಲಿರಲಿ. ನೌಕರನ ಮನೆಯವರೂ ಪ್ರಯಾಣಿಕರಾಗಿ ಜೊತೆಗೆ ಹೋಗಿದ್ದರೆ ಅವರವರ ಹಕ್ಕು ಬೇರೆ ಬೇರೆಯೆಂದು ನೆನಪಿರಲಿ.

ಮಾಡಬೇಕಾದದ್ದು, ಮಾಡಬಾರದ್ದು

ಹೊರಡುವ ಮೊದಲು:
- ಟಿಕೆಟು ಮತ್ತು ಅದರ ಪೂರ್ತಿ ಷರತ್ತುಗಳ ಪ್ರತಿಯನ್ನು ಮನೆಯಲ್ಲಿಟ್ಟು ಹೋಗಿ. ಪಾಸ್‌ಪೋರ್ಟ್, ವಿಮೆಯ ಪ್ರತಿಗಳೂ ಇರಲಿ.
- ಷರತ್ತುಗಳಲ್ಲಿ ಮೂರನ್ನು ಹುಡುಕಿ ಗುರುತು ಹಾಕಿ: ಸೂಚನೆಯ ಗಡುವು, ದಾವೆಯ ಗಡುವು, ನ್ಯಾಯಾಲಯದ ಊರು.
- ಪ್ರಯಾಣ ವಿಮೆ ಮಾಡಿಸುವಾಗ ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು, ಪಾರ್ಥಿವ ಶರೀರ ತರುವ ಖರ್ಚು ಸೇರಿದೆಯೇ ನೋಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ ಮುಚ್ಚಿಡಬೇಡಿ. ಮುಚ್ಚಿಟ್ಟರೆ ವಿಮಾ ಕಂಪೆನಿ ಹಣ ನಿರಾಕರಿಸಬಹುದು.
- ಜೀವರಕ್ಷಣೆಯ ಕವಾಯತನ್ನು ತಪ್ಪಿಸಬೇಡಿ.

ಅವಘಡವಾದಾಗ:
- ಹಡಗಿನ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ, ವರದಿಯ ಪ್ರತಿ ಕೇಳಿ. ಸ್ಥಳದ ಫೋಟೋ ತೆಗೆಯಿರಿ. ಕಂಡವರ ಹೆಸರು, ಫೋನ್ ಬರೆದುಕೊಳ್ಳಿ. ವೈದ್ಯರ ಚೀಟಿ, ಬಿಲ್ಲುಗಳನ್ನು ಜೋಪಾನವಾಗಿಡಿ.
- ಕ್ಯಾಮೆರಾ ದೃಶ್ಯಗಳನ್ನು ಅಳಿಸದೆ ಇಡುವಂತೆ ಕಂಪೆನಿಗೆ ಬೇಗನೆ ಪತ್ರ ಬರೆಯಿರಿ.
- ಸಾವು ಸಂಭವಿಸಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ತಿಳಿಸಿ. ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲೂ ದೂರು ದಾಖಲಿಸಬಹುದು.

ಊರಿಗೆ ಮರಳಿದ ಮೇಲೆ:
- 'ಇನ್ನು ಯಾವ ಹಕ್ಕೂ ಉಳಿದಿಲ್ಲ' ಎಂಬ ಅರ್ಥದ ಪತ್ರಕ್ಕೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಮೊದಲು ಬಂದ ಚೆಕ್ಕು ಯಾವಾಗಲೂ ನ್ಯಾಯವಾದ ಚೆಕ್ಕೆಂದು ತಿಳಿಯಬೇಡಿ. ಹಾಗೆಂದು ಎಲ್ಲ ರಾಜಿಯೂ ಮೋಸವಲ್ಲ; ಲೆಕ್ಕ ಹಾಕಿ ನೋಡಿ ಒಪ್ಪಿ.
- ಕಂಪೆನಿಯೊಡನೆ ಪತ್ರ ವ್ಯವಹಾರ ನಡೆಯುತ್ತಿದೆ ಎಂದು ಗಡುವು ತಾನಾಗಿ ನಿಲ್ಲುವುದಿಲ್ಲ.
- ಅಮೆರಿಕದಲ್ಲಿ ವಕೀಲರು ಗೆದ್ದ ಹಣದಲ್ಲಿ ಪಾಲು, ಹಲವೊಮ್ಮೆ ಮೂರನೆಯ ಒಂದು ಭಾಗ, ಪಡೆಯುವ ಪದ್ಧತಿಯಿದೆ. ಭಾರತದ ವಕೀಲರು ಹಾಗೆ ಪಾಲು ಕೇಳುವಂತಿಲ್ಲ. ಮನೆಬಾಗಿಲಿಗೆ ಬಂದು ಪವರ್ ಆಫ್ ಅಟಾರ್ನಿಗೆ ಸಹಿ ಕೇಳುವ ಮಧ್ಯವರ್ತಿಗಳಿಂದ ದೂರವಿರಿ.

ಧರ್ಮಕೇಂದ್ರದಲ್ಲಿ ನಾವು ಮಾಡಬಹುದಾದದ್ದು

ಇಂತಹ ಸಂದರ್ಭದಲ್ಲಿ ಮೊದಲು ಕೇಳುವ ದಾಖಲೆಗಳು ಸಂಬಂಧವನ್ನು ತೋರಿಸುವ ದಾಖಲೆಗಳು: ಮರಣ ಪತ್ರ, ವಿವಾಹ ಪತ್ರ, ಮಕ್ಕಳ ಜನನ ಪತ್ರ, ನಾಡಕಚೇರಿಯ ವಂಶವೃಕ್ಷ. ಹಳೆಯ ವಿವಾಹಗಳಿಗೆ ಅನೇಕ ಸಲ ಚರ್ಚಿನ ದಾಖಲೆ ಪುಸ್ತಕವೇ ಆಧಾರ. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಿದ್ದರೂ ವಿದೇಶದ ಕಂಪೆನಿ ಪ್ರಶ್ನೆ ಎತ್ತುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಜ್ಞಾನಸ್ನಾನದ ಪುಸ್ತಕದಲ್ಲಿ ಇನ್ನೊಂದು, ರೇಶನ್ ಕಾರ್ಡಿನಲ್ಲಿ ಮತ್ತೊಂದು ಇರುವುದು ನಮ್ಮಲ್ಲಿ ಸಾಮಾನ್ಯ. ಇದನ್ನು ಮೊದಲೇ ಸರಿಪಡಿಸಿಕೊಳ್ಳಲು ಕುಟುಂಬಗಳಿಗೆ ತಿಳಿಸೋಣ. ಹೊರದೇಶಕ್ಕೆ ಕಳುಹಿಸುವ ದಾಖಲೆಗಳಿಗೆ ವಿದೇಶಾಂಗ ಸಚಿವಾಲಯದ 'ಅಪೋಸ್ಟಿಲ್' ಮುದ್ರೆ ಬೇಕಾಗುತ್ತದೆ. ಇದಕ್ಕೂ ದಿನಗಳು ಹಿಡಿಯುತ್ತವೆ.

ಹಣ ಬಂದ ಮೇಲೆ ಪಾಲಿನ ಜಗಳ ಬರುವುದೂ ಉಂಟು. ಪರಿಹಾರ ಯಾವ ಅವಲಂಬಿತರಿಗೆ ಎ‍ಷ್ಟು ಎಂಬುದನ್ನು ಆಯಾ ದೇಶದ ಕಾನೂನು ಅಥವಾ ತೀರ್ಪು ಹೇಳುತ್ತದೆ. ಮೃತರ ಆಸ್ತಿಯ ವಿಷಯ ಬೇರೆ: ಉಯಿಲು ಇಲ್ಲದಿದ್ದರೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಕ್ರೈಸ್ತರಲ್ಲಿ ಹೆಂಡತಿಗೆ ಮೂರನೆಯ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮವಾಗಿ, ಗಂಡು ಹೆಣ್ಣು ಎಂಬ ಭೇದವಿಲ್ಲ. ಎಳೆಯ ವಯಸ್ಸಿನ ವಿಧವೆಯನ್ನು ಬದಿಗೆ ಸರಿಸಿ ಬೇರೆಯವರು ಕಾಗದಕ್ಕೆ ಸಹಿ ಹಾಕದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ.

ವಾಳೆಯ ಗುರಿಕಾರರು, ಧರ್ಮಭಗಿನಿಯರು, ಸಮಾಜ ಸೇವಾ ಕಾರ್ಯಕರ್ತರು ಶೋಕದ ಮನೆಗೆ ಹೋಗಿ ಪ್ರಾರ್ಥಿಸುತ್ತಾರೆ, ಅಡುಗೆ ಮಾಡಿಕೊಡುತ್ತಾರೆ, ಏಳನೆಯ ದಿನದ ಪೂಜೆಗೆ ವ್ಯವಸ್ಥೆ ಮಾಡುತ್ತಾರೆ. ಅದರ ಜೊತೆಗೆ ಇನ್ನೊಂದು ಕೆಲಸವನ್ನು ಸೇರಿಸಿಕೊಳ್ಳಲಿ ಎಂದು ವಿನಂತಿಸುತ್ತೇವೆ. ಆ ಮನೆಯ ಟಿಕೆಟನ್ನು ಕೇಳಿ ಪಡೆದು, ಗಡುವಿನ ತಾರೀಕುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿ ಬನ್ನಿ. ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಹೋಗಿ ವಿಚಾರಿಸಿ.

ಸೂಚನೆ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಪ್ರತಿಯೊಂದು ಪ್ರಕರಣದ ಟಿಕೆಟು, ಮಾರ್ಗ, ಧ್ವಜ ಬೇರೆ ಬೇರೆಯಾದುದರಿಂದ ತಡಮಾಡದೆ ವಕೀಲರ ಸಲಹೆ ಪಡೆಯಿರಿ.